ಕಡಿಮೆ ದುಡ್ಡಿನ ಗೈವರ್ ಮೊದಲನೆಯದನ್ನು ಮೀರಿಸಿದ್ದು ಹೇಗೆ?

ಪ್ರಶ್ನೆ: ಜಪಾನಿನ ಮಾಂಗಾ (ಕಾಮಿಕ್ಸ್) ಆಧರಿಸಿ ಅಮೆರಿಕದಲ್ಲಿ ತೆಗೆದ ‘ದಿ ಗೈವರ್’ (1991) ಚಿತ್ರವನ್ನು ಅರ್ಧ ನೋಡಿ ಬಿಟ್ಟೆ. ಅದರ ಮುಂದಿನ ಭಾಗ ‘ಗೈವರ್: ಡಾರ್ಕ್ ಹೀರೋ’ (1994) ಅದಕ್ಕಿಂತ ತೀರಾ ಕಡಿಮೆ ಖರ್ಚಿನಲ್ಲಿ ತಯಾರಾಗಿ, ಚಿತ್ರಮಂದಿರಕ್ಕೂ ಬಾರದೆ ನೇರ ವಿಡಿಯೊ ಕ್ಯಾಸೆಟ್ಟಿಗೆ ಹೋದರೂ ಎಷ್ಟೋ ಪಾಲು ಮೇಲು ಎಂದು ಗೆಳೆಯರು ಹೇಳುತ್ತಾರೆ. ಇದು ನಿಜವೇ, ಅಥವಾ ಕ್ಯಾಸೆಟ್ ಕಾಲದವರ ಮೋಹವೇ? ಹಣ ಕಡಿಮೆಯಾದರೆ ಸಿನಿಮಾ ಚೆನ್ನಾಗುವುದು ಹೇಗೆ? ಮೊದಲನೆಯದನ್ನು ಪೂರ್ತಿ ನೋಡದೆ ಎರಡನೆಯದಕ್ಕೆ ಹೋಗಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸಿಬಿಡುತ್ತೇನೆ. ಧಾರಾಳವಾಗಿ ಹೋಗಬಹುದು. ಹಿಂದಿನ ಕಥೆಯನ್ನು ಎರಡನೆಯ ಚಿತ್ರ ಆರಂಭದಲ್ಲೇ ಚುಟುಕಾಗಿ ಹೇಳಿ ಮುಗಿಸುತ್ತದೆ. ನಾಯಕನ ಪಾತ್ರಧಾರಿಯೂ ಬದಲಾಗಿದ್ದಾನೆ, ಚಿತ್ರದ ಸ್ವಭಾವವೂ ಬದಲಾಗಿದೆ. ಅರ್ಧಕ್ಕೆ ಬಿಟ್ಟದ್ದರಿಂದ ನಿಮಗೆ ದೊಡ್ಡ ನಷ್ಟವೇನೂ ಆಗಿಲ್ಲ.

ಗೆಳೆಯರ ಮಾತೂ ಬಹುಮಟ್ಟಿಗೆ ನಿಜ. ಆದರೆ ‘ಹಣ ಕಡಿಮೆಯಾದ್ದರಿಂದ ಚೆನ್ನಾಯಿತು’ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಬಡತನ ಯಾವ ಸಿನಿಮಾವನ್ನೂ ಉದ್ಧಾರ ಮಾಡಿಲ್ಲ. ಈ ಚಿತ್ರದಲ್ಲಿಯೂ ಹಣವಿಲ್ಲದ ಕಡೆಯೆಲ್ಲ ಅದರ ಗುರುತು ಎದ್ದು ಕಾಣುತ್ತದೆ. ಬದಲಾದದ್ದು ಯಜಮಾನಿಕೆ. ರಾಕ್ಷಸರ ಮೈಯನ್ನು ಕೈಯಾರೆ ಮಾಡಿ ಬಣ್ಣ ಬಳಿಯುತ್ತಿದ್ದ ಸ್ಟೀವ್ ವಾಂಗ್ ಎಂಬ ವ್ಯಕ್ತಿಯೇ ಒಬ್ಬಂಟಿಯಾಗಿ ನಿರ್ದೇಶಕನ ಕುರ್ಚಿಯಲ್ಲಿ ಕುಳಿತ. ದುಡ್ಡು ಎಲ್ಲಿ ಸುರಿಯಬೇಕು, ಎಲ್ಲಿ ಬಿಗಿಹಿಡಿಯಬೇಕು ಎಂಬ ತೀರ್ಮಾನ ಅವನ ಕೈಗೆ ಬಂತು.

ಮೂಲದಿಂದ ಶುರು ಮಾಡೋಣ. ಯೋಶಿಕಿ ತಕಾಯಾ ಅವರ ಗೈವರ್ ಮಾಂಗಾ 1985ರಲ್ಲಿ ತೊಕುಮಾ ಶೊತೆನ್ ಪ್ರಕಾಶನದ ‘ಶೋನೆನ್ ಕ್ಯಾಪ್ಟನ್’ ಮಾಸಪತ್ರಿಕೆಯಲ್ಲಿ ಆರಂಭವಾಯಿತು. ಶೋ ಫುಕಾಮಾಚಿ ಎಂಬ ಹೈಸ್ಕೂಲು ಹುಡುಗನಿಗೆ ಕೆರೆಯ ಬಳಿ ವಿಚಿತ್ರ ವಸ್ತುವೊಂದು ಸಿಗುತ್ತದೆ. ಮುಟ್ಟಿದ ಕ್ಷಣವೇ ಅದು ತಂತುಗಳನ್ನು ಚಾಚಿ ಅವನ ಮೈಯೊಳಗೆ ನುಗ್ಗಿ, ಮಾಂಸಕ್ಕೆ ಮಾಂಸ ಬೆಸೆದು ಕವಚವಾಗುತ್ತದೆ. ಅವನ ಬೆನ್ನು ಹತ್ತುವುದು ಕ್ರೋನೋಸ್ ಎಂಬ ಸಂಸ್ಥೆ. ಮನುಷ್ಯರನ್ನು ‘ಜೋವನಾಯ್ಡ್’ ಎಂಬ ಮೃಗಗಳನ್ನಾಗಿ ಮಾರ್ಪಡಿಸುವುದು ಅದರ ಕೆಲಸ. ಕಥೆ ಮುಂದುವರಿದಂತೆ ಇನ್ನೂ ಭಯಂಕರ ಸಂಗತಿ ತಿಳಿಯುತ್ತದೆ. ಬಾಹ್ಯಾಕಾಶದಿಂದ ಬಂದವರು ಮನುಷ್ಯಕುಲವನ್ನೇ ಯುದ್ಧದ ಆಯುಧವಾಗಿ ಬೆಳೆಸಿದ್ದರು. ಅವರ ಕವಚವನ್ನು ಮನುಷ್ಯನೊಬ್ಬ ತೊಟ್ಟಾಗ ಅವನು ಅವರ ಹಿಡಿತಕ್ಕೇ ಸಿಗದೆ ಹೋದ. ಬೆದರಿದ ಅವರು ಭೂಮಿಯನ್ನೇ ತೊರೆದರು.

ಮಾಂಗಾದ ಜೀವ ಇರುವುದು ಇಲ್ಲಿ. ಅಮೆರಿಕದ ಕಾಮಿಕ್ಸ್ ನಾಯಕನಿಗೆ ಶಕ್ತಿ ವರವಾಗಿಯೋ ಹೊಣೆಯಾಗಿಯೋ ಬರುತ್ತದೆ. ಗೈವರ್ ಕವಚವಾದರೋ ತೊಟ್ಟವನಿಗೆ ಅಂಟಿದ ಪರೋಪಜೀವಿ. ಹಣೆಯ ಮೇಲೆ ಲೋಹದ ಬಿಲ್ಲೆಯೊಂದಿದೆ. ಕವಚದ ಹಸಿವನ್ನು ಹತೋಟಿಯಲ್ಲಿಡುವುದು ಅದೇ. ಅದು ಕೆಟ್ಟರೆ ಕವಚ ತನ್ನ ಒಡೆಯನನ್ನೇ ತಿಂದುಹಾಕುತ್ತದೆ. ಎರಡನೆಯ ಗೈವರ್ ಕವಚ ತೊಟ್ಟ ಲಿಸ್ಕರ್ ಎಂಬವನಿಗೆ ಆಗುವುದು ಇದೇ ಗತಿ. ಇಂಥ ಕಥೆಯಲ್ಲಿ ನಗೆ ತುರುಕಿದರೆ ಉಳಿಯುವುದೇನು?

ಮೊದಲ ಚಿತ್ರ ನಗೆಯನ್ನೇ ತುರುಕಿತು. ಅದರ ನಿರ್ಮಾಪಕ ಬ್ರಯಾನ್ ಯುಜ್ನಾ. ನಿರ್ದೇಶಕರು ಇಬ್ಬರು: ಜಪಾನ್ ಮೂಲದ ಸ್ಕ್ರೀಮಿಂಗ್ ಮ್ಯಾಡ್ ಜಾರ್ಜ್ ಮತ್ತು ತೈವಾನಿನಲ್ಲಿ ಹುಟ್ಟಿದ ಸ್ಟೀವ್ ವಾಂಗ್. ಇಬ್ಬರೂ ಮೇಕಪ್ ಮತ್ತು ರಾಕ್ಷಸ ವೇಷಗಳ ಕಸುಬುದಾರರು. ವಾಂಗ್ ಅಂತೂ 1987ರ ‘ಪ್ರಿಡೇಟರ್’ ಚಿತ್ರದ ಜೀವಿಯ ಮೈಬಣ್ಣಕ್ಕೆ ದುಡಿದವರು. ಚಿತ್ರದಲ್ಲಿ ವೇಷಗಳು ಚೆನ್ನಾಗಿಯೇ ಇವೆ. ಆದರೆ ‘ನಿಂಜಾ ಆಮೆ’ಗಳ ಚಿತ್ರ 1990ರಲ್ಲಿ ಹಣ ಬಾಚಿದ ಮರುವರ್ಷ ಬಂದದ್ದರಿಂದಲೋ ಏನೋ, ರಬ್ಬರ್ ಸೂಟಿನ ಜೀವಿಗಳೆಂದರೆ ಮಕ್ಕಳನ್ನು ನಗಿಸಬೇಕು ಎಂಬ ಧೋರಣೆ ಚಿತ್ರದ ತುಂಬ ಇದೆ. ಜಿಮ್ಮಿ ವಾಕರ್ ನಟಿಸಿದ ಜೋವನಾಯ್ಡ್ ಪ್ರಾಸ ಕಟ್ಟಿ ರ‍್ಯಾಪ್ ಹಾಡುತ್ತದೆ. ಇನ್ನೊಂದು ಕಡೆ ಹೊಡೆದಾಟದ ನಡುವೆಯೇ ಭಯಾನಕ ಚಿತ್ರವೊಂದರ ಸೆಟ್ಟಿಗೆ ನುಗ್ಗುವ ಪ್ರಸಂಗವಿದೆ. ಅಲ್ಲಿ ಕಿರುಚುವುದಕ್ಕೆಂದೇ ಒಬ್ಬ ನಟಿ ಸಿದ್ಧಳಿದ್ದಾಳೆ. ಒಂಟಿಯಾಗಿ ನೋಡಿದರೆ ಇದು ತಮಾಷೆಯೇ. ಆದರೆ ನಿರ್ದೇಶಕರು ತಮ್ಮ ರಾಕ್ಷಸರನ್ನು ತಾವೇ ನಂಬುತ್ತಿಲ್ಲ ಎಂಬುದು ಅಲ್ಲಿ ಬಯಲಾಗುತ್ತದೆ. ಅವರೇ ನಂಬದ ಮೇಲೆ ನಾವೇಕೆ ಹೆದರಬೇಕು?

ಇನ್ನು ಭಿತ್ತಿಚಿತ್ರದ ಮೋಸ. ಅದರಲ್ಲಿ ದೊಡ್ಡದಾಗಿ ಕಾಣುವುದು ಮಾರ್ಕ್ ಹ್ಯಾಮಿಲ್ ಮುಖ, ಅದೂ ಅರ್ಧ ಗೈವರ್ ಆದಂತೆ. ಚಿತ್ರದಲ್ಲಿ ಅವರು ಗೈವರ್ ಅಲ್ಲವೇ ಅಲ್ಲ, ಬೆನ್ನಟ್ಟಿ ಬರುವ ಸಿಐಎ ಅಧಿಕಾರಿ. ಗೈವರ್ ಆಗುವವನು ಜ್ಯಾಕ್ ಆರ್ಮ್‌ಸ್ಟ್ರಾಂಗ್ ನಟಿಸಿದ ಶಾನ್ ಬಾರ್ಕರ್. ಹೆಸರಿರುವ ನಟರ ಸಂಭಾವನೆ, ಎರಡು ತಲೆಯ ನಿರ್ದೇಶನ, ಮಾರಾಟದ ಲೆಕ್ಕಾಚಾರ ಎಲ್ಲ ಸೇರಿದ ಆ ಚಿತ್ರಕ್ಕೆ ಸುಮಾರು 30 ಲಕ್ಷ ಡಾಲರ್ ಖರ್ಚಾಯಿತು ಎನ್ನುತ್ತಾರೆ. ಮುಂದಿನ ಭಾಗಕ್ಕೆ ಸಾಮಾನ್ಯವಾಗಿ ಹೇಳುವ ಅಂಕಿ ಸುಮಾರು 9 ಲಕ್ಷ. ಹಾಲಿವುಡ್ ಲೆಕ್ಕದಲ್ಲಿ ಇದು ಪುಡಿಗಾಸು.

ಆ ಪುಡಿಗಾಸಿನಲ್ಲಿ ವಾಂಗ್ ಮೊದಲು ಕೈಬಿಟ್ಟದ್ದು ಹೆಸರಾಂತ ಮುಖಗಳನ್ನು. ಶಾನ್ ಪಾತ್ರಕ್ಕೆ ಬಂದ ಡೇವಿಡ್ ಹೇಟರ್ ಆಗ ಯಾರಿಗೂ ಗೊತ್ತಿರಲಿಲ್ಲ. ವಿಡಿಯೊ ಆಟ ಆಡುವವರು 1998ರಿಂದ ಅವರ ದನಿಯನ್ನು ‘ಮೆಟಲ್ ಗೇರ್ ಸಾಲಿಡ್’ನ ಸಾಲಿಡ್ ಸ್ನೇಕ್ ಆಗಿ ಬಲ್ಲರು. 2000ರ ‘ಎಕ್ಸ್-ಮೆನ್’ ಚಿತ್ರಕಥೆಯೂ ಅವರ ಹೆಸರಿನಲ್ಲಿದೆ. ಸೂಪರ್‌ಹೀರೊ ಚಿತ್ರಗಳನ್ನು ದೊಡ್ಡವರು ಗಂಭೀರವಾಗಿ ನೋಡುವಂತೆ ಮಾಡಿದ ಆ ಬರಹಗಾರ ಆರು ವರ್ಷ ಮೊದಲು ಕ್ಯಾಸೆಟ್ ಚಿತ್ರವೊಂದರಲ್ಲಿ ಕವಚದ ಕಾಟ ಅನುಭವಿಸುತ್ತಿದ್ದ ಎಂಬುದು ನನಗೆ ಬಹಳ ಇಷ್ಟವಾದ ಕಾಕತಾಳೀಯ.

ಎರಡನೆಯ ಉಳಿತಾಯ ಸ್ಥಳದ್ದು. ನಗರ ಬಿಟ್ಟು ಕಥೆ ಅಮೆರಿಕದ ಯೂಟಾ ರಾಜ್ಯದ ಪುರಾತತ್ವ ಉತ್ಖನನದ ಜಾಗಕ್ಕೆ ಹೋಗುತ್ತದೆ. ಕಾಡು, ಡೇರೆಗಳು, ಒಂದು ಗುಹೆ, ಗುಹೆಯೊಳಗೆ ಹೂತುಹೋದ ಅನ್ಯಲೋಕದ ನೌಕೆ. ಮರಗಳಿಗೆ ಬಾಡಿಗೆ ಕೊಡಬೇಕಾಗಿಲ್ಲ, ರಸ್ತೆ ಬಂದ್ ಮಾಡಿಸಬೇಕಾಗಿಲ್ಲ. ಕಥೆಗೂ ಇದರಿಂದ ಲಾಭವಾಯಿತು. ಒಳ್ಳೆಯ ರಾಕ್ಷಸ ಚಿತ್ರಕ್ಕೆ ಏಕಾಂತ ಬೇಕು. ಯಾವ ಡೇರೆಯಲ್ಲಿರುವವನು ಮನುಷ್ಯ, ಯಾವನು ಮೃಗ ಎಂಬ ಅನುಮಾನ ನಾಲ್ಕು ಜನರಿರುವ ಜಾಗದಲ್ಲಿ ಕೆಲಸ ಮಾಡುವಷ್ಟು ನಾಲ್ಕು ಲಕ್ಷ ಜನರಿರುವ ಊರಿನಲ್ಲಿ ಮಾಡುವುದಿಲ್ಲ.

ಉಳಿದ ಹಣ ಹೋದದ್ದು ಎರಡೇ ಕಡೆಗೆ: ವೇಷಕ್ಕೆ ಮತ್ತು ಹೊಡೆದಾಟಕ್ಕೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ‘ರಬ್ಬರ್ ಸೂಟು’ ಎಂದು ನಾವು ಮೂಗು ಮುರಿಯುವ ವಸ್ತುವಿನ ಹಿಂದಿನ ಶ್ರಮ ಬಹಳ ಜನರಿಗೆ ತಿಳಿದಿಲ್ಲ.

ಆ ಕಾಲದ ಇಂಥ ವೇಷ ತಯಾರಾಗುತ್ತಿದ್ದ ಕ್ರಮ ಹೀಗೆ. ಮೊದಲು ತೊಡುವವನ ಮೈಯ ಅಚ್ಚು ತೆಗೆಯುತ್ತಾರೆ. ಆ ಪ್ರತಿರೂಪದ ಮೇಲೆ ಜೇಡಿಮಣ್ಣಿನಿಂದ ರಾಕ್ಷಸನ ಮೈಯನ್ನು ತಿದ್ದುತ್ತಾರೆ. ಒಂದೊಂದು ಸ್ನಾಯು, ಒಂದೊಂದು ಚಿಪ್ಪು, ಚರ್ಮದ ಸುಕ್ಕೂ ಕೈಯಿಂದಲೇ. ಅದರ ಮೇಲೆ ಮತ್ತೊಂದು ಅಚ್ಚು. ಮಣ್ಣನ್ನು ತೆಗೆದ ಮೇಲೆ ಪ್ರತಿರೂಪಕ್ಕೂ ಈ ಅಚ್ಚಿಗೂ ನಡುವೆ ಉಳಿಯುವ ಜಾಗಕ್ಕೆ ದ್ರವ ಲೇಟೆಕ್ಸನ್ನು (ರಬ್ಬರ್ ಹಾಲನ್ನು) ಇಡ್ಲಿ ಹಿಟ್ಟಿನಂತೆ ಉಬ್ಬುವ ತನಕ ನೊರೆಗಟ್ಟಿಸಿ ತುಂಬಿ, ಒಲೆಯಲ್ಲಿಟ್ಟು ಹದವಾದ ಶಾಖದಲ್ಲಿ ಬೇಯಿಸುತ್ತಾರೆ. ಹೊರಬರುವುದು ಹಗುರವಾದ, ಬಾಗುವ, ಆದರೆ ಬೇಗ ಹರಿಯುವ ಸ್ಪಂಜಿನಂಥ ಚರ್ಮ. ಆಮೇಲೆ ಪದರ ಪದರವಾಗಿ ಬಣ್ಣ. ಸಾಧಾರಣ ಸೂಟನ್ನೂ ಜೀವಂತ ಚರ್ಮವನ್ನೂ ಬೇರ್ಪಡಿಸುವುದು ಈ ಕೊನೆಯ ಹಂತ. ವಾಂಗ್ ಅವರ ನಿಜವಾದ ಹಿಡಿತವಿದ್ದದ್ದೂ ಅಲ್ಲಿಯೇ.

ಈ ಸ್ಪಂಜಿಗೆ ಎರಡು ಶತ್ರುಗಳು. ಒಂದು ಬೆವರು. ಒಳಗಿರುವವನು ಬೆವರಿದಷ್ಟೂ ಅದು ಹೀರಿಕೊಂಡು ಭಾರವಾಗುತ್ತದೆ. ಇನ್ನೊಂದು ಚಲನೆ. ಕಂಕುಳು, ತೊಡೆಯ ಸಂದು, ಮೊಣಕಾಲಿನ ಹಿಂಭಾಗದಲ್ಲಿ ಅದು ಮೊದಲು ಹರಿಯುತ್ತದೆ. ಸಾಮಾನ್ಯ ನಿರ್ದೇಶಕರು ಇದಕ್ಕೆ ಹೆದರಿ ರಾಕ್ಷಸನನ್ನು ನಿಲ್ಲಿಸಿ, ಹೊಗೆ ಬಿಟ್ಟು, ಮೆಲ್ಲಗೆ ನಡೆಸುತ್ತಾರೆ. ‘ಡಾರ್ಕ್ ಹೀರೋ’ದಲ್ಲಿ ಗೈವರ್ ಪಲ್ಟಿ ಹೊಡೆಯುತ್ತಾನೆ, ಗಾಳಿಯಲ್ಲಿ ತಿರುಗಿ ಒದೆಯುತ್ತಾನೆ. ಎದುರಿಗಿರುವ ಜೋವನಾಯ್ಡೂ ಅಷ್ಟೇ ದೊಡ್ಡ ವೇಷದಲ್ಲಿ ಪೆಟ್ಟು ತಿಂದು ಅಡ್ಡಬೀಳುತ್ತದೆ. ಇಬ್ಬರ ಸೂಟೂ ತುಂಡಾಗದೆ ಆ ದೃಶ್ಯ ಮುಗಿಯಬೇಕಿದ್ದರೆ ಮಾಡುವವನಿಗೂ ತೊಡುವವನಿಗೂ ಹೊಡೆದಾಟ ಕಟ್ಟುವವನಿಗೂ ಮೊದಲೇ ಮಾತುಕತೆ ನಡೆದಿರಬೇಕು. ಯಾವ ಕೋನದಿಂದ ನೋಡಿದರೆ ಹೊಲಿಗೆ ಕಾಣುವುದಿಲ್ಲ, ಎಷ್ಟು ಬಗ್ಗಿದರೆ ಬೆನ್ನು ಬಿರಿಯುವುದಿಲ್ಲ ಎಂಬುದು ವೇಷ ಮಾಡಿದವನಿಗೆ ಗೊತ್ತು. ಅವನೇ ಕ್ಯಾಮೆರಾ ಎಲ್ಲಿಡಬೇಕೆಂದು ಹೇಳುವವನಾದರೆ ಅರ್ಧ ತೊಂದರೆ ತಪ್ಪಿದಂತೆ.

ಹೊಡೆದಾಟ ಕಟ್ಟಿದವರು ಕೊಯಿಚಿ ಸಕಾಮೊಟೊ. 1970ರಲ್ಲಿ ಟೋಕಿಯೊದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದು ‘ಆಲ್ಫಾ ಸ್ಟಂಟ್ಸ್’ ತಂಡ ಕಟ್ಟಿದವರು. ಮುಂದೆ ‘ಪವರ್ ರೇಂಜರ್ಸ್’ ಸರಣಿಯ ನಿರ್ಮಾಪಕ, ನಿರ್ದೇಶಕರಾಗಿ ಬಹುಕಾಲ ದುಡಿದು, ಬಳಿಕ ಜಪಾನಿಗೆ ಮರಳಿ ಅಲ್ಲಿನ ವೇಷಧಾರಿ ನಾಯಕ ಕಾಮೆನ್ ರೈಡರ್‌ನ ಚಿತ್ರಗಳನ್ನೂ ನಿರ್ದೇಶಿಸಿದರು. ಅವರ ಹೊಡೆದಾಟದಲ್ಲಿ ಹಾಂಗ್‌ಕಾಂಗ್‌ನ ವೇಗ, ಜಪಾನಿನ ಸೂಟ್ ನಟರ ಭಂಗಿ ಎರಡೂ ಇವೆ. ಅಮೆರಿಕದ ಆ ಕಾಲದ ಚಿತ್ರಗಳಲ್ಲಿ ಒಂದು ಗುದ್ದಿಗೆ ಒಂದು ಶಾಟ್ ಎಂಬ ರೂಢಿಯಿತ್ತು. ಇಲ್ಲಿ ಒಂದೇ ಶಾಟಿನಲ್ಲಿ ನಾಲ್ಕೈದು ಏಟಿನ ಕೊಡುಕೊಳ್ಳುವಿಕೆ ನಡೆದು, ಕೊನೆಯ ಏಟಿಗೆ ಮಾತ್ರ ಕ್ಯಾಮೆರಾ ಜಾಗ ಬದಲಿಸುತ್ತದೆ. ಏಟಿನ ತೂಕ ತಾನಾಗಿ ಅನುಭವಕ್ಕೆ ಬರುತ್ತದೆ.

ಕವಚದೊಳಗೆ ಇರುವುದು ಹೇಟರ್ ಅಲ್ಲ, ಸ್ಟಂಟ್ ಕಲಾವಿದ ಆ್ಯಂಥನಿ ಹೌಕ್. ಇದು ಮೋಸವೇನಲ್ಲ, ಜಪಾನಿನ ಗಟ್ಟಿ ಪರಂಪರೆ. 1971ರ ‘ಕಾಮೆನ್ ರೈಡರ್’ ಸರಣಿಯ ನಾಯಕ ಹಿರೋಶಿ ಫುಜಿಯೊಕಾ ಆರಂಭದಲ್ಲಿ ವೇಷದೊಳಗೂ ತಾವೇ ಇದ್ದರು. ಚಿತ್ರೀಕರಣದ ವೇಳೆ ಮೋಟಾರ್‌ಸೈಕಲ್ ಅಪಘಾತದಲ್ಲಿ ಕಾಲು ಮುರಿಯಿತು. ಆ ಮೇಲೆ ಮುಖ ಒಬ್ಬರದು, ಮೈ ಇನ್ನೊಬ್ಬರದು ಎಂಬ ಪದ್ಧತಿ ಅಲ್ಲಿ ಗಟ್ಟಿಯಾಗಿ ಬೇರುಬಿಟ್ಟಿತು. ಮುಖ ಕಾಣದ ನಟ ಕುತ್ತಿಗೆಯ ಓರೆಯಿಂದ, ಭುಜದ ಇಳಿತದಿಂದ, ಬೆರಳುಗಳ ಬಿಗಿತದಿಂದ ನಟಿಸಬೇಕು. ಗೈವರ್‌ಗೆ ಬಾಯಿಯೂ ಇಲ್ಲ. ಮುಖದ ಎರಡು ಬದಿಯ ರಂಧ್ರಗಳಿಂದ ಬುಸ್ಸೆಂದು ಹಬೆ ಬರುತ್ತದೆ, ಅಷ್ಟೇ. ಏಟು ಕೊಟ್ಟ ಬಳಿಕ ನಿಂತು ಆ ಹಬೆ ಬಿಡುವ ಗಳಿಗೆಯನ್ನು ಗಮನಿಸಿ. ಸಂಭಾಷಣೆ ಬರೆದು ಹೇಳಿಸಿದ್ದರೆ ಅಷ್ಟು ಕೋಪ ಬರುತ್ತಿರಲಿಲ್ಲ.

ತಕಾಯಾ ಅವರ ಮಾಂಗಾ ಮೊದಲೇ ಕಾಮೆನ್ ರೈಡರ್, ಅಲ್ಟ್ರಾಮ್ಯಾನ್ ಮುಂತಾದ ವೇಷಧಾರಿ ನಾಯಕರ ಲೋಕಕ್ಕೆ ನಂಟಿರುವ ಕೃತಿ. ‘ಹೆನ್‌ಶಿನ್’ ಎಂದು ಅಲ್ಲಿ ಕರೆಯುವ ರೂಪಾಂತರ, ಸಂಸ್ಥೆಯೊಂದು ಸೃಷ್ಟಿಸಿದ ಮೃಗಗಳು, ಅದೇ ಮೂಲದ ಶಕ್ತಿಯನ್ನು ಹೊತ್ತು ಅದರ ವಿರುದ್ಧವೇ ನಿಲ್ಲುವ ಹುಡುಗ ಎಲ್ಲವೂ ಆ ಮನೆತನದ ಲಕ್ಷಣಗಳು. ಹಾಗಾಗಿ ಮನುಷ್ಯ ತೊಡಬಹುದಾದ ವೇಷವಾಗಿಯೇ ಗೈವರ್ ಕಾಗದದ ಮೇಲೆ ಹುಟ್ಟಿದ್ದ. ನೂರಾರು ಅಡಿ ಎತ್ತರದ ಯಂತ್ರಮಾನವರ ಮಾಂಗಾವನ್ನು 9 ಲಕ್ಷ ಡಾಲರಿಗೆ ತೆಗೆಯಲು ಹೋಗಿದ್ದರೆ ನಗೆಪಾಟಲಾಗುತ್ತಿತ್ತು. ಕಡಿಮೆ ಹಣದವನು ಕಥೆ ಆರಿಸುವಾಗಲೇ ಅರ್ಧ ಗೆಲ್ಲುತ್ತಾನೆ ಅಥವಾ ಸೋಲುತ್ತಾನೆ.

ಈಗ ಕಥೆಯ ವಿಷಯಕ್ಕೆ ಬರುತ್ತೇನೆ. ಮಾಂಗಾ ಪ್ರೇಮಿಗಳು ಇಲ್ಲಿ ಜಗಳ ತೆಗೆಯುತ್ತಾರೆ. ನಾಯಕ ಶೋ ಅಲ್ಲ, ಶಾನ್. ಊರು ಜಪಾನ್ ಅಲ್ಲ. ಉತ್ಖನನದ ಕಥೆ ಮಾಂಗಾದ ಯಾವ ಸಂಪುಟದಲ್ಲೂ ಹೀಗಿಲ್ಲ. ನಿಜ. ಆದರೂ ಮೂಲಕ್ಕೆ ಹೆಚ್ಚು ನಿಷ್ಠವಾದ ಚಿತ್ರ ಇದೇ ಎನ್ನುತ್ತೇನೆ. ಚಿತ್ರದ ಆರಂಭದಲ್ಲಿ ಶಾನ್ ಮಾದಕವಸ್ತು ದಂಧೆಯವರ ಮೇಲೆ ಎರಗುತ್ತಾನೆ. ನೋಡುವವರಿಗೆ ಚಪ್ಪಾಳೆ ತಟ್ಟಬೇಕೆನಿಸುವ ಹೊತ್ತಿಗೆ ಅವನ ಏಟು ಅಗತ್ಯಕ್ಕಿಂತ ಹೆಚ್ಚು ಕ್ರೂರವಾಗಿರುವುದು ಅರಿವಾಗುತ್ತದೆ. ಅವನಿಗೂ ಅದು ಗೊತ್ತು. ಕವಚ ತನ್ನಿಂದ ಕೊಲ್ಲಿಸುತ್ತಿದೆಯೋ, ತಾನೇ ಕೊಲ್ಲುತ್ತಿದ್ದೇನೋ ತಿಳಿಯದೆ ಒದ್ದಾಡುತ್ತಾನೆ. ನಿದ್ದೆಯಲ್ಲಿ ಬಂದ ಆಕೃತಿಗಳನ್ನು ಗೀಚುತ್ತಾನೆ. ಪ್ರೀತಿಸಿದವಳು ದೂರವಾಗುತ್ತಾಳೆ. ಯೂಟಾಕ್ಕೆ ಅವನು ಹೋಗುವುದು ಜಗತ್ತನ್ನು ಉಳಿಸಲಿಕ್ಕಲ್ಲ, ತನ್ನ ಮೈಮೇಲಿರುವುದು ಏನೆಂದು ತಿಳಿಯುವುದಕ್ಕೆ.

ಗುಹೆಯ ನೌಕೆ ಅವನಿಗೆ ಹಳೆಯದನ್ನು ತೋರಿಸುವ ಭಾಗದಲ್ಲಿ ತಕಾಯಾ ಅವರ ಮೂಲ ಕಲ್ಪನೆ ಹೆಚ್ಚುಕಡಿಮೆ ಹಾಗೆಯೇ ಬಂದಿದೆ: ಆಯುಧವಾಗಿ ಬೆಳೆಸಲ್ಪಟ್ಟ ಮನುಷ್ಯ, ಕವಚ ತೊಟ್ಟು ಒಡೆಯರ ಹತೋಟಿ ತಪ್ಪಿದ ಮೊದಲಿಗ. ಶಾನ್‌ನ ಪ್ರಶ್ನೆಗೆ ಸಿಕ್ಕ ಉತ್ತರ ಸಮಾಧಾನ ಕೊಡುವಂಥದ್ದಲ್ಲ. ಅವನೊಳಗಿನ ಹಿಂಸೆ ಕವಚದ್ದಷ್ಟೇ ಅಲ್ಲ, ಅವನ ಕುಲದ್ದೂ ಹೌದು. ಕೊನೆಗೆ ಎದುರಾಳಿ ಕ್ರೇನ್ ಎರಡನೆಯ ಕವಚವನ್ನು ತೊಟ್ಟು ‘ಗೈವರ್ ಜೋವನಾಯ್ಡ್’ ಆಗಿ ನಿಲ್ಲುತ್ತಾನೆ. ಹೊರಗಿನ ಕವಚ, ಒಳಗಿನ ಮೃಗ ಎರಡೂ ಒಂದೇ ಮೈಯಲ್ಲಿ. ಶಾನ್ ಏನಾಗಲು ಹೆದರುತ್ತಿದ್ದನೋ ಅದೇ ರೂಪ ಎದುರಿಗೆ ಬಂದು ಹೊಡೆಯುತ್ತದೆ. ಸಾಲು ಸಾಲಾಗಿ ಮಾಂಗಾದ ಪುಟಗಳನ್ನು ನಕಲು ಮಾಡಿದ್ದರೂ ಇಷ್ಟು ದಕ್ಕುತ್ತಿರಲಿಲ್ಲ.

ಹೊಗಳಿಕೆ ಸಾಕು. ಚಿತ್ರದ ಕುಂದುಗಳೂ ಸಣ್ಣವಲ್ಲ. ಎರಡು ಗಂಟೆ ಮೀರಿದ ಉದ್ದ ಈ ಕಥೆಗೆ ಅತಿಯಾಯಿತು. ಮೊದಲ ಹೊಡೆದಾಟಕ್ಕೂ ಕಾಡಿನ ಹೊಡೆದಾಟಕ್ಕೂ ನಡುವೆ ಉತ್ಖನನದವರ ಮಾತುಕತೆ ಎಳೆದಷ್ಟೂ ಮುಗಿಯುವುದಿಲ್ಲ. ಪೋಷಕ ಪಾತ್ರಗಳ ನಟನೆ ಕೆಲವೆಡೆ ಊರ ಹಬ್ಬದ ನಾಟಕದ ಮಟ್ಟಕ್ಕೂ ಏರುವುದಿಲ್ಲ. ಉತ್ಖನನ ತಂಡದಲ್ಲಿರುವ ತಂದೆ ಮಗಳ ನಡುವಿನ ಭಾವುಕ ಭಾಗವನ್ನು ಬರೆದವರು ಮನಸ್ಸಿಟ್ಟು ಬರೆದಿಲ್ಲ. ಹಣವಿಲ್ಲದಿರುವುದು ಸೂಟಿನಲ್ಲಿ ಕಾಣುವುದಿಲ್ಲ, ನಾಲ್ಕು ಜನ ಕುಳಿತು ಮಾತನಾಡುವ ದೃಶ್ಯದಲ್ಲಿ ಕಾಣುತ್ತದೆ. ಬೆಳಕು ಮಂಕು, ಧ್ವನಿ ಚಪ್ಪಟೆ, ಮತ್ತೊಮ್ಮೆ ತೆಗೆಯಬೇಕಿದ್ದ ಶಾಟು ಹಾಗೆಯೇ ಉಳಿದಿದೆ. ಇಪ್ಪತ್ತು ನಿಮಿಷ ಕತ್ತರಿಸಿದ್ದರೆ ಗೆಳೆಯರ ಹೊಗಳಿಕೆಯನ್ನು ನಾನೂ ಕಣ್ಣುಮುಚ್ಚಿ ಒಪ್ಪುತ್ತಿದ್ದೆ.

ಕ್ಯಾಸೆಟ್ ಕಾಲದ ಮೋಹ ಎಂದಿರಲ್ಲ, ಅದರಲ್ಲೂ ಒಂದಂಶವಿದೆ. 1993ರಲ್ಲಿ ‘ಜುರಾಸಿಕ್ ಪಾರ್ಕ್’ ಬಂದು ಕಂಪ್ಯೂಟರ್ ಜೀವಿಗಳು ಎಲ್ಲರ ಕಣ್ಣು ಕುಕ್ಕಿದವು. ಅದೇ ವರ್ಷ ಟಿವಿಯಲ್ಲಿ ‘ಪವರ್ ರೇಂಜರ್ಸ್’ ಶುರುವಾಗಿ, ವೇಷಧಾರಿ ನಾಯಕರೆಂದರೆ ಮಕ್ಕಳ ಆಟಿಕೆ ಎಂಬ ಭಾವನೆ ಅಮೆರಿಕದಲ್ಲಿ ಬೇರೂರಿತು. ಇವೆರಡರ ನಡುವೆ ಸಿಕ್ಕಿಕೊಂಡ ಚಿತ್ರ ಇದು. ದೊಡ್ಡವರಿಗಾಗಿ, ರಕ್ತಪಾತದೊಂದಿಗೆ, ರಬ್ಬರ್ ಸೂಟಿನಲ್ಲಿ ಮಾಡಿದ ಸೂಪರ್‌ಹೀರೊ ಚಿತ್ರಕ್ಕೆ ಆಗ ಚಿತ್ರಮಂದಿರದಲ್ಲಿ ಜಾಗವಿರಲಿಲ್ಲ. ಬಾಡಿಗೆ ಕ್ಯಾಸೆಟ್ ಅಂಗಡಿಯ ಕಪಾಟಿನಲ್ಲಿ ತಾನಾಗಿ ಕಂಡು ಎತ್ತಿಕೊಂಡವರಿಗೆ ಅದು ತಮ್ಮದೇ ಶೋಧವಾಯಿತು, ಆ ಹೆಮ್ಮೆ ಅವರ ಮಾತಿನಲ್ಲಿ ಇಂದಿಗೂ ಸೇರಿಕೊಂಡಿದೆ. ಆದರೆ ಆ ಹೆಮ್ಮೆಯನ್ನು ಕಳೆದು ನೋಡಿದರೂ ಹೊಡೆದಾಟಗಳು ಹಾಗೆಯೇ ಉಳಿಯುತ್ತವೆ. ಇಂದಿನ ಕಣ್ಣಿಗೂ ಅವು ಹಳಸಿಲ್ಲ, ಏಕೆಂದರೆ ಎರಡು ನಿಜವಾದ ಮೈಗಳು ನಿಜವಾದ ಮಣ್ಣಿನ ಮೇಲೆ ಬೀಳುತ್ತಿವೆ.

ಮೂರನೆಯ ಚಿತ್ರ ಬರಲಿಲ್ಲ. ವಾಂಗ್ 1997ರಲ್ಲಿ ‘ಡ್ರೈವ್’ ಎಂಬ ಹೊಡೆದಾಟದ ಚಿತ್ರ ಮಾಡಿದರು. ಅದರಲ್ಲಿಯೂ ಸಕಾಮೊಟೊ ತಂಡವಿದೆ. 2009ರ ಸುಮಾರಿಗೆ ಜಪಾನಿನ ಕಾಮೆನ್ ರೈಡರ್ ಸರಣಿಯೊಂದನ್ನು ‘ಡ್ರ್ಯಾಗನ್ ನೈಟ್’ ಹೆಸರಿನಲ್ಲಿ ಅಮೆರಿಕದ ಟಿವಿಗೆ ತಂದವರೂ ಅವರೇ. ಮಾಂಗಾದ ಗತಿ ಇನ್ನೂ ಬೇಸರದ್ದು. ಹುಟ್ಟಿದ ಪತ್ರಿಕೆ 1997ರಲ್ಲಿ ನಿಂತಿತು, ಮಾಂಗಾ ಕದೊಕಾವಾ ಪ್ರಕಾಶನದ ಪತ್ರಿಕೆಗಳಿಗೆ ವಲಸೆ ಹೋಯಿತು, 2016ರಿಂದ ದೀರ್ಘ ವಿರಾಮದಲ್ಲಿದೆ. ಇಂಗ್ಲಿಷಿನಲ್ಲಿ ವಿಜ್ ಎಂಬ ಪ್ರಕಾಶನ ಸಂಸ್ಥೆ 1990ರ ದಶಕದಲ್ಲಿ ಆರಂಭದ ಭಾಗಗಳನ್ನಷ್ಟೇ ತಂದಿತ್ತು.

ನೀವು ನೋಡುವ ಕ್ರಮದ ಬಗ್ಗೆ ನನ್ನ ಸಲಹೆ: ನೇರ ‘ಡಾರ್ಕ್ ಹೀರೋ’ಗೆ ಹೋಗಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಅವರು ಮಲಗಿದ ಮೇಲೆ ಹಾಕಿ, ಇದು ಅವರ ಚಿತ್ರವಲ್ಲ. ನಡುವಿನ ಉತ್ಖನನದ ಮಾತುಕತೆಯಲ್ಲಿ ಬೇಸರ ಬಂದರೆ ಎದ್ದು ಕಾಫಿ ಮಾಡಿಕೊಂಡು ಬನ್ನಿ, ಕಥೆ ಅಲ್ಲೇ ಇರುತ್ತದೆ. ಕಾಡಿನ ಹೊಡೆದಾಟ ತಪ್ಪಿಸಿಕೊಳ್ಳಬೇಡಿ. ಇಷ್ಟವಾದರೆ ಮುಂದಿನದು 2005ರ 26 ಕಂತುಗಳ ಅನಿಮೆ (ಜಪಾನಿ ಅನಿಮೇಷನ್) ಸರಣಿ, ಮಾಂಗಾದ ಕಥೆಯನ್ನು ಅನುಕ್ರಮವಾಗಿ ಹಿಡಿಯಲು ಅದೇ ಸಲೀಸು. ಬಿಟ್ಟುಬಂದ ಮೊದಲ ಚಿತ್ರದ ಉಳಿದರ್ಧ ಅದಾದ ಮೇಲೆ, ಅದೂ ರ‍್ಯಾಪ್ ಹಾಡುವ ಜೋವನಾಯ್ಡನ್ನು ನೋಡುವ ಕುತೂಹಲ ಇನ್ನೂ ಉಳಿದಿದ್ದರೆ.